ಆರೈಕೆ ಮಾಡುವವರಿಗೂ ಬೇಕು ಸೂಟಿ

ಮುಂಗಾರು ಹಿಡಿದು ಬಿತ್ತನೆಗೆ ಹದ ಬಂದಾಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯ ರೈತರ ಕೈ ಹಿಡಿಯುತ್ತಿದ್ದುದು ಮುಯ್ಯಾಳು ಪದ್ಧತಿ. ಇಂದು ಇವರ ಹೊಲದಲ್ಲಿ ಅವರು ದುಡಿದರೆ ನಾಳೆ ಅವರ ಹೊಲದಲ್ಲಿ ಇವರು ದುಡಿಯಬೇಕು. ಕೂಲಿಯ ಮಾತಿಲ್ಲ, ಆದರೆ ಲೆಕ್ಕ ಚೊಕ್ಕ. ನಾಟಿ, ಕಳೆ, ಕೊಯ್ಲು, ಒಕ್ಕಣೆ ಎಲ್ಲಕ್ಕೂ ಈ ಏರ್ಪಾಡು ನಡೆಯುತ್ತಿತ್ತು. ಕೂಲಿ ಮತ್ತು ಯಂತ್ರಗಳ ಕಾಲ ಬಂದ ಮೇಲೆ ಅದು ಸಡಿಲಾಯಿತು. ಆದರೂ ಮದುವೆ ಮನೆಯ ಉಡುಗೊರೆಯಲ್ಲಿ, ಊರವರ ಮಾತಿನಲ್ಲಿ ‘ಮುಯ್ಯಿ’ ಎಂಬ ಶಬ್ದ ಇನ್ನೂ ಜೀವಂತವಾಗಿದೆ.

ಒಂದು ಕೆಲಸಕ್ಕೆ ಮಾತ್ರ ಈ ಸೀಮೆಯಲ್ಲಿ ಮುಯ್ಯಿ ಎಂದೂ ಬೆಳೆಯಲಿಲ್ಲ. ಲಕ್ವಾ ಹೊಡೆದು ಹಾಸಿಗೆ ಹಿಡಿದ ಮಾವ, ಹಗಲು ರಾತ್ರಿಯ ಪರಿವೆ ತಪ್ಪಿದ ಅತ್ತೆ, ಎದ್ದು ಕೂಡ್ರಲು ಬಾರದ ಮಗು, ಮನಸ್ಸು ಕೆಟ್ಟ ಮೈದುನ – ಇಂಥವರಿರುವ ಮನೆಯಲ್ಲಿ ಆರೈಕೆಯ ಹೊರೆ ಒಬ್ಬರ ಹೆಗಲಿಗೆ ಬೀಳುತ್ತದೆ. ಆ ಒಬ್ಬರು ಬಹುಮಟ್ಟಿಗೆ ತಾಯಿ, ಹೆಂಡತಿ, ಸೊಸೆ ಅಥವಾ ಮದುವೆಯಾಗದೆ ಉಳಿದ ಮಗಳು. ಉಣಿಸುವುದು, ತೊಳೆಯುವುದು, ಮಗ್ಗುಲು ಬದಲಿಸುವುದು, ರಾತ್ರಿ ಎದ್ದು ನೋಡುವುದು, ಇದಕ್ಕೆ ಭಾನುವಾರವಿಲ್ಲ, ಅಮಾವಾಸ್ಯೆಯಿಲ್ಲ. ಗಳೆ ಹೊಡೆಯುವ ಎತ್ತಿಗೂ ಅಮಾವಾಸ್ಯೆಯ ದಿನ ಬಿಡುವು ಕೊಡುವ ನಾಡಿನಲ್ಲಿ ಈ ಒಬ್ಬರಿಗೆ ವರ್ಷಗಟ್ಟಲೆ ಬಿಡುವಿಲ್ಲ.

ಅವರಿಗೆ ಬಿಡುವು ಕೊಡುವ ವ್ಯವಸ್ಥೆಗೆ ಪಶ್ಚಿಮದ ದೇಶಗಳಲ್ಲಿ ‘ರೆಸ್ಪೈಟ್ ಕೇರ್’ ಎಂದು ಹೆಸರು. ಅದರಲ್ಲಿ ಮುಖ್ಯವಾದ ಒಂದು ಬಗೆ ಮನೆಗೇ ಬರುವಂಥದು. ಕೆಲಸ ಬಲ್ಲ ಒಬ್ಬರು ಮನೆಗೆ ಬಂದು ಕೆಲವು ಗಂಟೆ ರೋಗಿಯ ಬಳಿ ಇರುತ್ತಾರೆ. ಆರೈಕೆ ಮಾಡುವವರು ಆ ಹೊತ್ತಿನಲ್ಲಿ ಸಂತೆಗೆ ಹೋಗಬಹುದು, ತಮ್ಮ ಔಷಧ ತರಬಹುದು, ನೆಂಟರ ಮದುವೆಗೆ ಹೋಗಿ ಬರಬಹುದು ಅಥವಾ ಸುಮ್ಮನೆ ಮಲಗಿ ನಿದ್ದೆ ಮಾಡಬಹುದು. ರೋಗಿ ತನ್ನ ಮನೆ, ತನ್ನ ಹಾಸಿಗೆ ಬಿಟ್ಟು ಕದಲಬೇಕಿಲ್ಲ. ಧಾರವಾಡ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಇದು ಆರೈಕೆ ಮಾಡುವವರ ‘ಸೂಟಿ’.

ಈ ಕಲ್ಪನೆ ಹೊರಗಿನದೆಂದು ತೋರಿದರೂ ಅದರ ತುಣುಕುಗಳು ಈ ನೆಲದ ಬದುಕಿನಲ್ಲಿ ಹಿಂದಿನಿಂದಲೂ ಇವೆ. ಅವು ಯಾವುದಕ್ಕೆ ಒದಗಿದವು, ಯಾವುದಕ್ಕೆ ಒದಗಲಿಲ್ಲ ಎಂಬುದೇ ಇದರ ಚರಿತ್ರೆ.

ತವರಿನ ದಾರಿ

ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಪಾಲಿಗೆ ಬಿಡುವೆಂದರೆ ತವರು. ಶ್ರಾವಣದ ನಾಗರ ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದೊಯ್ಯುವುದು, ಉಂಡಿ ಕಟ್ಟುವುದು, ಜೋಕಾಲಿ ಆಡುವುದು ಇವೆಲ್ಲ ಹಬ್ಬದ ಸಡಗರವಷ್ಟೇ ಆಗಿರಲಿಲ್ಲ. ವರ್ಷವಿಡೀ ಗಂಡನ ಮನೆಯಲ್ಲಿ ದುಡಿದ ಸೊಸೆಗೆ ಸಮಾಜವೇ ಒಪ್ಪಿ ಕೊಟ್ಟ ರಜೆ ಅದು. ಕರೆಯಲು ಬಂದವನನ್ನು ಬರಿಗೈಲಿ ಕಳಿಸುವುದು ಬೀಗರಿಗೆ ಅವಮಾನವಾದ್ದರಿಂದ ಗಂಡನ ಮನೆಯವರು ಸುಲಭವಾಗಿ ಒಲ್ಲೆನೆನ್ನುವಂತಿರಲಿಲ್ಲ.

ಚೊಚ್ಚಲ ಹೆರಿಗೆಯ ಏರ್ಪಾಡು ಇದಕ್ಕಿಂತ ಬಿಗಿಯಾದದ್ದು. ಕುಬಸದ ಶಾಸ್ತ್ರ ಮುಗಿಸಿ ತವರಿಗೆ ಬಂದ ಮಗಳು ತಿಂಗಳುಗಟ್ಟಲೆ ಅಲ್ಲಿಯೇ ಉಳಿಯುತ್ತಾಳೆ. ಸೂಲಗಿತ್ತಿ ಮನೆಗೆ ಬಂದು ತಾಯಿಗೂ ಕೂಸಿಗೂ ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಬಾಣಂತಿ ನೀರು ಮುಟ್ಟಬಾರದು, ಭಾರ ಎತ್ತಬಾರದು ಎಂಬ ಕಟ್ಟಳೆಗಳಲ್ಲಿ ಎಷ್ಟು ವೈದ್ಯವಿದೆ ಎಂಬುದು ಬೇರೆ ಮಾತು, ದಣಿದ ದೇಹಕ್ಕೆ ವಿಶ್ರಾಂತಿ ದೊರಕಿಸಲು ಅವು ನೆರವಾದುದು ನಿಜ.

ಇನ್ನೊಂದು ಕೊನೆಯಲ್ಲಿ ಸಾವು. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ; ನೆರೆಯವರು, ನೆಂಟರು ಬುತ್ತಿ ಕಟ್ಟಿ ತರುತ್ತಾರೆ. ನಡುಮನೆಯಲ್ಲಿ ಕೂತು ಅಳುವವರ ಜೊತೆ ಅಳುತ್ತಾರೆ, ದನಕರುಗಳಿಗೆ ಮೇವು ಹಾಕುತ್ತಾರೆ, ಹೆಣಕ್ಕೆ ಹೆಗಲು ಕೊಡುತ್ತಾರೆ. ಜಾತಿಯಿಂದ ಜಾತಿಗೆ ಪದ್ಧತಿ ಬೇರೆಯಾದರೂ ನೆರೆಹೊರೆ ಮನೆಯೊಳಗೆ ಬಂದು ನಿಲ್ಲುವ ರೂಢಿ ಎಲ್ಲೆಡೆ ಉಂಟು.

ಹೀಗೆ ಹುಟ್ಟಿಗೆ ಬರುವವರಿದ್ದಾರೆ, ಸಾವಿಗೆ ಬರುವವರಿದ್ದಾರೆ. ನಡುವೆ ಹತ್ತಾರು ವರ್ಷ ನಡೆಯುವ ಆರೈಕೆಗೆ ಬರುವವರಿಲ್ಲ. ಇದಕ್ಕೆ ಜನರ ಕಲ್ಲುಮನಸ್ಸು ಕಾರಣವೆಂದರೆ ತಪ್ಪಾದೀತು. ಬಾಣಂತನಕ್ಕೆ ಇಷ್ಟು ತಿಂಗಳೆಂಬ ಲೆಕ್ಕವಿದೆ, ಸೂತಕಕ್ಕೆ ಇಷ್ಟು ದಿನವೆಂಬ ಲೆಕ್ಕವಿದೆ. ಹಾಸಿಗೆ ಹಿಡಿದವರ ಆರೈಕೆ ಎಂದು ಮುಗಿದೀತೆಂದು ಯಾರೂ ಹೇಳಲಾರರು. ಮುಯ್ಯಿ ನಿಂತಿರುವುದೇ ತಿರುಗಿಸುವ ಭರವಸೆಯ ಮೇಲೆ. ಹತ್ತು ವರ್ಷ ಮಲಗಿದವರ ಮನೆಯವರು ಆ ಋಣವನ್ನು ಯಾವಾಗ, ಹೇಗೆ ತೀರಿಸಬೇಕು? ಜೊತೆಗೆ ಮಲಮೂತ್ರದ ಕೆಲಸಕ್ಕೆ ಅಂಟಿಕೊಂಡ ಹೇಸಿಕೆ, ಜಾತಿಯ ಮೈಲಿಗೆ, ಮನೆಯ ಸಂಕಟ ಬೀದಿಗೆ ಬರಬಾರದೆಂಬ ಮಾನದ ಪ್ರಶ್ನೆ ಸೇರಿಕೊಂಡವು. ಕಡೆಗೆ ಅದು ಸೊಸೆಯ ಧರ್ಮ, ತಾಯಿಯ ಹಣೆಬರಹ ಎನ್ನಿಸಿಕೊಂಡಿತು.

ಕೂಡು ಕುಟುಂಬದಲ್ಲಿ ಕೈಗಳು ಹೆಚ್ಚಿದ್ದವು ಎಂಬುದು ನಿಜ. ಆದರೆ ಅಣ್ಣತಮ್ಮಂದಿರು ಬೇರೆಯಾದ ಮೇಲೆ ಹೊಲದಂತೆ ಆರೈಕೆಯೂ ಪಾಲಾಗುತ್ತದೆ. ತಂದೆಯನ್ನು ತಿಂಗಳಿಗೊಬ್ಬ ಮಗನಂತೆ ಪಾಳಿಯ ಮೇಲೆ ನೋಡಿಕೊಳ್ಳುವ ಪದ್ಧತಿ ಹಳ್ಳಿಗಳಲ್ಲಿ ಅಪರೂಪವಲ್ಲ. ಇಲ್ಲಿ ಮನೆಯಿಂದ ಮನೆಗೆ ಸಾಗುವವರು ಮುಪ್ಪಾದ ತಂದೆ. ಪಾಳಿಯ ಲೆಕ್ಕ ಗಂಡುಮಕ್ಕಳ ಹೆಸರಿನಲ್ಲಿ ನಡೆಯುತ್ತದೆ, ದುಡಿಮೆ ಸೊಸೆಯಂದಿರದು. ಒಬ್ಬನೇ ಮಗನಿರುವ ಮನೆಯಲ್ಲಿ ಆ ಪಾಳಿಯೂ ಇಲ್ಲ.

ಮಠದ ಆಸರೆ

ಮನೆಯಲ್ಲಿ ನೋಡಿಕೊಳ್ಳಲಾಗದವರ ಹೊಣೆಯನ್ನು ಹೊತ್ತ ಸಂಸ್ಥೆಗಳು ಈ ಭಾಗದಲ್ಲಿ ಬಹಳ ಹಳೆಯವು. ಹಿರೇಕೆರೂರಿಗೆ ತಾಗಿದ ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿದ್ದ ಕೋಡಿಯ ಮಠ ಅದಕ್ಕೆ ಹೆಸರಾದ ಉದಾಹರಣೆ. ಕಾಳಾಮುಖ ಪರಂಪರೆಯ ಆ ಮಠವನ್ನು ಕ್ರಿ.ಶ. 1162ರ ಶಾಸನ ವಿದ್ಯೆಯ ನೆಲೆಯೆಂದು ಹೊಗಳುವುದರ ಜೊತೆಗೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರಿಗೆ ಅನ್ನ ದೊರೆಯುವ ಸ್ಥಳವೆಂದೂ ದಿಕ್ಕಿಲ್ಲದ ರೋಗಿಗಳಿಗೆ ಔಷಧ ಸಿಗುವ ಸ್ಥಳವೆಂದೂ ವರ್ಣಿಸುತ್ತದೆ. ಎಂಟೂವರೆ ಶತಮಾನಗಳ ಹಿಂದೆ ಇಂಥದೊಂದು ಕೆಲಸವನ್ನು ಶಾಸನದಲ್ಲಿ ಕೊರೆಸುವಷ್ಟು ದೊಡ್ಡದೆಂದು ಭಾವಿಸಿದ್ದರು ಎಂಬುದು ಗಮನಾರ್ಹ.

ಇಪ್ಪತ್ತನೆಯ ಶತಮಾನದಲ್ಲಿ ಹಾನಗಲ್ಲ ತಾಲೂಕಿನಿಂದಲೇ ಇದಕ್ಕೆ ಮತ್ತೊಂದು ಉದಾಹರಣೆ ದೊರೆಯುತ್ತದೆ. 1892ರಲ್ಲಿ ಕಾಡಶೆಟ್ಟಿಹಳ್ಳಿಯಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಅವನ ಅಣ್ಣನೂ ಅಂಧ. ಹಾನಗಲ್ಲ ವಿರಕ್ತಮಠದ ಕುಮಾರಸ್ವಾಮಿಗಳು (1867–1930) ಈ ಸೋದರರ ಕಂಠವನ್ನು ಮೆಚ್ಚಿ ಆಶ್ರಯ ಕೊಟ್ಟು ಸಂಗೀತ ಕಲಿಸಲು ಏರ್ಪಾಡು ಮಾಡಿದರು. ಆ ಗದಿಗೆಯ್ಯನೇ ಮುಂದೆ ಪಂಚಾಕ್ಷರಿ ಗವಾಯಿಯಾದರು. ಅವರು ಕಟ್ಟಿದ ಗದಗಿನ ವೀರೇಶ್ವರ ಪುಣ್ಯಾಶ್ರಮ ಅಂಧ ಹಾಗೂ ಬಡಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ವಿದ್ಯೆ ನೀಡುವ ಮನೆಯಾಯಿತು. ಅವರ ಶಿಷ್ಯ ಪುಟ್ಟರಾಜ ಗವಾಯಿ (1914–2010) ಕೂಡ ಹಾನಗಲ್ಲ ತಾಲೂಕಿನಲ್ಲಿ ಹುಟ್ಟಿದವರು. ಶೈಶವದಲ್ಲಿಯೇ ದೃಷ್ಟಿ ಹೋಗಿ, ತಂದೆ ತಾಯಿಯರನ್ನೂ ಕಳೆದುಕೊಂಡ ಆ ಬಾಲಕನನ್ನು ಮೊದಲು ಸಾಕಿದವರು ಸೋದರಮಾವ. ಆಮೇಲೆ ಆಶ್ರಮ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂದಾಗ ನಾಡೇ ಹಿಗ್ಗಿತು.

ಈ ಪರಂಪರೆಯ ಹಿರಿಮೆಯನ್ನು ಎಷ್ಟು ಹೇಳಿದರೂ ಕಡಿಮೆಯೇ. ಆದರೂ ಅದರ ಸ್ವರೂಪವನ್ನು ಗುರುತಿಸಬೇಕು. ಮಠವಾಗಲಿ ಆಶ್ರಮವಾಗಲಿ ನೆರವು ನೀಡಿದ್ದು ಮಗು ಮನೆ ಬಿಟ್ಟು ಬಂದ ಮೇಲೆ. ಮನೆಯಲ್ಲಿಯೇ ಉಳಿದ ಮಗುವಿನ ತಾಯಿಗೆ, ಅವಳ ಅಂಗಳಕ್ಕೇ ಹೋಗಿ, ಒಂದು ಮಧ್ಯಾಹ್ನ ಬಿಡುವು ಕೊಡುವ ಕೆಲಸ ಅವುಗಳ ಕಲ್ಪನೆಯಲ್ಲಿ ಇರಲಿಲ್ಲ. ಹಾಡಬಲ್ಲ ಮಗುವಿಗೆ ಆಶ್ರಮ ದಾರಿಯಾಯಿತು. ಮಾತೂ ಬಾರದ, ಕೈಕಾಲೂ ಆಡದ ಮಗು ತಾಯಿಯ ಮಡಿಲಲ್ಲೇ ಉಳಿಯಿತು.

ಧಾರವಾಡದ ಆಸ್ಪತ್ರೆ

ಮನಸ್ಸಿನ ರೋಗಿಗಳ ವಿಷಯದಲ್ಲಿ ದಾರಿ ಇನ್ನೂ ಕಠಿಣವಾಗಿತ್ತು. ಸವಣೂರು ನವಾಬರ ಸಂಸ್ಥಾನವನ್ನು ಬಿಟ್ಟರೆ ಈ ಸೀಮೆಯ ಹೆಚ್ಚಿನ ಭಾಗ ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿತ್ತು. ಧಾರವಾಡದಲ್ಲಿ 1845ರಲ್ಲಿ ಬ್ರಿಟಿಷರು ಮಾನಸಿಕ ರೋಗಿಗಳ ಆಸ್ಪತ್ರೆಯನ್ನು ಆರಂಭಿಸಿದರು. ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನಿಂದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ ಬೆಳೆದಿದೆ. ಆದರೆ 1858ರ ಮತ್ತು 1912ರ ಕಾಯಿದೆಗಳ ಕಾಲದಲ್ಲಿ ಇಂಥ ಆಸ್ಪತ್ರೆ ಎಂದರೆ ಮುಖ್ಯವಾಗಿ ಕೂಡಿಹಾಕುವ ಜಾಗ. ಕುಟುಂಬದ ಮುಂದೆ ಇದ್ದುದು ಎರಡೇ ದಾರಿ: ರೋಗಿಯನ್ನು ಮನೆಯಲ್ಲಿಟ್ಟುಕೊಂಡು ಎಲ್ಲವನ್ನೂ ಸಹಿಸುವುದು, ಅಥವಾ ಧಾರವಾಡಕ್ಕೆ ಒಯ್ದು ಒಪ್ಪಿಸಿ ಬರುವುದು.

ಸ್ವಾತಂತ್ರ್ಯಾನಂತರ ಈ ಚಿಂತನೆ ಬದಲಾಯಿತು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳ ಜೊತೆ ಅವರ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ರೋಗವನ್ನು ಅರಿತರೆ ರೋಗಿ ಬೇಗ ಮನೆಗೆ ಮರಳಬಲ್ಲ ಎಂಬುದು ಅಲ್ಲಿ ಕಂಡುಬಂತು. ವೆಲ್ಲೂರಿನಲ್ಲಿ 1957ರಲ್ಲಿ ಆರಂಭವಾದ ಮಾನಸಿಕ ಆರೋಗ್ಯ ಕೇಂದ್ರವೂ ಇದೇ ದಾರಿ ಹಿಡಿಯಿತು. ಬೆಂಗಳೂರಿನಲ್ಲಿ 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಮರುವರ್ಷದಿಂದ ಸಕಲವಾರದಲ್ಲಿ ಗ್ರಾಮೀಣ ಪ್ರಯೋಗ ನಡೆಸಿತು. 1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ನೀಡಿ ಹಳ್ಳಿಯ ಸಮೀಪವೇ ಮಾತ್ರೆ ಸಿಗುವಂತೆ ಮಾಡಿದ ಪ್ರಯೋಗ 1996ರಲ್ಲಿ ದೇಶದ ಇತರ ಜಿಲ್ಲೆಗಳಿಗೂ ಮಾದರಿಯಾಯಿತು.

ಇದು ದೊಡ್ಡ ಸುಧಾರಣೆ ಎಂಬುದರಲ್ಲಿ ಸಂಶಯವಿಲ್ಲ. ಸರಪಳಿ ಹೋಗಿ ಮಾತ್ರೆ ಬಂತು. ರೋಗಿ ಮನೆಗೆ ಮರಳಿದ. ಆದರೆ ಆಸ್ಪತ್ರೆಯಲ್ಲಿ ಮೂರು ಪಾಳಿಯಲ್ಲಿ ನರ್ಸುಗಳು ನೋಡಿಕೊಳ್ಳುತ್ತಿದ್ದ ವ್ಯಕ್ತಿಯನ್ನು ಮನೆಯಲ್ಲಿ ಒಬ್ಬಾಕೆ ಒಂದೇ ಪಾಳಿಯಲ್ಲಿ ನೋಡಿಕೊಳ್ಳಬೇಕಾಯಿತು. ಕುಟುಂಬವೇ ಆರೈಕೆಯ ಕೇಂದ್ರವೆಂದು ಹೇಳಿದ ಯೋಜನೆಗಳು ಕುಟುಂಬವೂ ದಣಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ರಗ್ಬಿ ಊರಿನ ಪ್ರಯೋಗ

ಈ ದಣಿವನ್ನು ಸಾರ್ವಜನಿಕ ಪ್ರಶ್ನೆಯನ್ನಾಗಿ ಮಾಡಿದವರಲ್ಲಿ ಮೊದಲಿಗರು ಬ್ರಿಟನ್ನಿನ ಮೇರಿ ವೆಬ್‌ಸ್ಟರ್. ವೃದ್ಧ ತಂದೆತಾಯಿಯರನ್ನು ನೋಡಿಕೊಳ್ಳಲು 1954ರಲ್ಲಿ ಚರ್ಚಿನ ಕೆಲಸವನ್ನು ಬಿಟ್ಟ ಅವಿವಾಹಿತ ಮಹಿಳೆ ಅವರು. ತಮ್ಮಂಥವರ ಪಾಡನ್ನು ಕುರಿತು 1963ರಲ್ಲಿ ಪತ್ರಿಕೆಗಳಿಗೆ ಪತ್ರ ಬರೆದಾಗ ಅದೇ ಸ್ಥಿತಿಯಲ್ಲಿದ್ದ ಅಸಂಖ್ಯ ಹೆಣ್ಣುಮಕ್ಕಳಿಂದ ಉತ್ತರ ಬಂತು. 1965ರಲ್ಲಿ ಅವರದೇ ಒಂದು ಸಂಘಟನೆ ಹುಟ್ಟಿತು. ಅಲ್ಲಿಯವರೆಗೆ ‘ಮನೆಯ ಮಗಳು’ ಎಂದಷ್ಟೇ ಕರೆಸಿಕೊಂಡಿದ್ದವರಿಗೆ ‘ಆರೈಕೆದಾರರು’ ಎಂಬ ಗುರುತು ಸಿಗಲು ಅದು ನಾಂದಿಯಾಯಿತು.

ಮನೆಗೇ ಬಂದು ಬಿಡುವು ಕೊಡುವ ಪದ್ಧತಿಯ ಆರಂಭವಂತೂ ವಿಚಿತ್ರವಾದದ್ದು. ‘ಕ್ರಾಸ್‌ರೋಡ್ಸ್’ ಎಂಬ ಟೆಲಿವಿಷನ್ ಧಾರಾವಾಹಿಯಲ್ಲಿ ಗಾಲಿಕುರ್ಚಿ ಹಿಡಿದ ಯುವಕನ ಪಾತ್ರವಿತ್ತು. ರಗ್ಬಿ ಎಂಬ ಊರಿನ ನೋಯೆಲ್ ಕ್ರೇನ್ ಎಂಬ ಅಂಗವಿಕಲ ತರುಣ ಅದನ್ನು ನೋಡಿ, ನಿಜ ಜೀವನದಲ್ಲಿ ಆರೈಕೆ ಮಾಡುವ ತಾಯಿಯ ಬವಣೆ ಹೀಗೆ ಹಗುರವಾಗಿರುವುದಿಲ್ಲ ಎಂದು ಎತ್ತಿ ತೋರಿಸಿದ. ಧಾರಾವಾಹಿಯ ನಿರ್ಮಾಣ ಕಂಪನಿ 10,000 ಪೌಂಡುಗಳ ನೆರವು ನೀಡಿತು. 1974ರಲ್ಲಿ ರಗ್ಬಿಯಲ್ಲಿ ಆ ಧಾರಾವಾಹಿಯ ಹೆಸರಿನಲ್ಲಿಯೇ ಒಂದು ಯೋಜನೆ ಆರಂಭವಾಯಿತು. ತರಬೇತಿ ಪಡೆದ ಸಹಾಯಕರು ಮನೆಗೆ ಹೋಗಿ, ಮನೆಯವರು ಮಾಡುವ ಆರೈಕೆಯನ್ನು ಅವರ ರೀತಿಯಲ್ಲೇ, ಅವರಿಗೆ ಅನುಕೂಲವಾದ ಹೊತ್ತಿನಲ್ಲಿ ಮಾಡುವುದು ಅದರ ತತ್ವ. ಬರಬರುತ್ತ ಅದು ಬ್ರಿಟನ್ನಿನ ಅನೇಕ ಊರುಗಳಿಗೆ ಹರಡಿತು.

ಆಮೇಲೆ ಕಾನೂನುಗಳು ಬಂದವು. ಬ್ರಿಟನ್ನಿನಲ್ಲಿ 1995ರ ಕಾಯಿದೆ ಆರೈಕೆದಾರರ ಅಗತ್ಯಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವ ಅವಕಾಶ ಕಲ್ಪಿಸಿತು. ಅದೇ ವರ್ಷ ಜರ್ಮನಿಯಲ್ಲಿ ಜಾರಿಗೆ ಬಂದ ಆರೈಕೆ ವಿಮೆ, ಮನೆಯಲ್ಲಿ ನೋಡಿಕೊಳ್ಳುವವರು ಕಾಯಿಲೆ ಬಿದ್ದರೆ ಅಥವಾ ರಜೆ ಬಯಸಿದರೆ ಬದಲಿ ವ್ಯಕ್ತಿಯ ವೆಚ್ಚ ಭರಿಸಲು ಒಪ್ಪಿತು. ಆರಂಭದಲ್ಲಿ ಅದರ ಮಿತಿ ವರ್ಷಕ್ಕೆ ನಾಲ್ಕು ವಾರ. ಸೊಸೆಯೇ ಅತ್ತೆಮಾವಂದಿರನ್ನು ನೋಡಿಕೊಳ್ಳಬೇಕೆಂಬ ಸಂಪ್ರದಾಯದ ಜಪಾನ್ ಸಹ 2000ದಲ್ಲಿ ಆರೈಕೆ ವಿಮೆಯನ್ನು ತಂದು, ಮನೆಗೆ ಸಹಾಯಕರನ್ನು ಕಳಿಸುವ ಏರ್ಪಾಡು ಮಾಡಿತು. ಅಮೆರಿಕ ಇದಕ್ಕೆಂದೇ 2006ರಲ್ಲಿ ಒಂದು ಕಾಯಿದೆ ಮಾಡಿತು. ಕುಟುಂಬದ ಪ್ರೀತಿಗೆ ಬೆಲೆಯಿಲ್ಲದ ದೇಶಗಳಲ್ಲಿ ಮಾತ್ರ ಇಂಥ ಏರ್ಪಾಡು ಬೇಕೆಂಬ ವಾದವನ್ನು ಜಪಾನಿನ ಉದಾಹರಣೆಯೇ ಅಲ್ಲಗಳೆಯುತ್ತದೆ.

ನೆರೆರಾಜ್ಯದ ಪಾಠ

ಇಂಥದಕ್ಕೆಲ್ಲ ಶ್ರೀಮಂತ ದೇಶಗಳೇ ಆಗಬೇಕೆಂದೂ ಇಲ್ಲ. 1993ರಲ್ಲಿ ಕೇರಳದ ಕೋಳಿಕ್ಕೋಡಿನಲ್ಲಿ ಕ್ಯಾನ್ಸರ್ ಮುಂತಾದ ರೋಗಗಳಿಂದ ನರಳುವವರ ನೋವು ಶಮನಕ್ಕಾಗಿ ಒಂದು ಸಂಘ ಆರಂಭವಾಯಿತು. ಆಸ್ಪತ್ರೆಗೆ ಬರಲಾರದ ರೋಗಿಗಳೇ ಹೆಚ್ಚೆಂದು ಕಂಡಾಗ ಕೆಲಸ ಮನೆಗಳತ್ತ ತಿರುಗಿತು. 1999ರ ಸುಮಾರಿಗೆ ಮಲಪ್ಪುರಂ ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ ‘ನೆರೆಹೊರೆಯ ಜಾಲ’ ರೂಪುಗೊಂಡಿತು. ಊರಿನ ಶಿಕ್ಷಕರು, ವಿದ್ಯಾರ್ಥಿಗಳು, ಅಂಗಡಿಕಾರರು, ಗೃಹಿಣಿಯರು ಕೆಲವು ಗಂಟೆಗಳ ತರಬೇತಿ ಪಡೆದು ವಾರಕ್ಕೊಮ್ಮೆಯಾದರೂ ತಮ್ಮ ಊರಿನ ರೋಗಿಗಳ ಮನೆಗೆ ಹೋಗತೊಡಗಿದರು. ಹುಣ್ಣು ತೊಳೆಯುವ ಕೆಲಸವನ್ನು ನರ್ಸು ಮಾಡಿದರೆ, ಮಾತಾಡಿಸುವ, ಉಣಿಸುವ, ಮನೆಯವರ ಕಷ್ಟ ಕೇಳುವ ಕೆಲಸ ನೆರೆಯವರದು. ಖರ್ಚಿಗೆ ಚಿಕ್ಕ ಚಿಕ್ಕ ವಂತಿಗೆ. 2008ರಲ್ಲಿ ಕೇರಳ ಸರ್ಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿ ಪಂಚಾಯತಿಗಳನ್ನು ಜೊತೆಗೂಡಿಸಿತು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಮಾಸಾಶನ ನೀಡುವ ‘ಆಶ್ವಾಸಕಿರಣಂ’ ಎಂಬ ಯೋಜನೆಯೂ ಅಲ್ಲಿ ಬಂತು.

ನೆರೆಹೊರೆ ಹುಟ್ಟು ಸಾವುಗಳಿಗಷ್ಟೇ ಅಲ್ಲದೆ ನಡುವಿನ ವರ್ಷಗಳಿಗೂ ಬರಬಲ್ಲದು ಎಂಬುದನ್ನು ಕೇರಳ ತೋರಿಸಿತು. ಅಲ್ಲಿ ಮುಯ್ಯಿಯ ತೊಡಕನ್ನು ಬಿಡಿಸಿದ ರೀತಿಯೂ ಸರಳವಾಗಿದೆ. ಸಹಾಯ ಒಬ್ಬರಿಂದ ಒಬ್ಬರಿಗೆ ಹೋಗದೆ ಊರಿನ ಒಂದು ಗುಂಪಿನಿಂದ ಹೋಗುವುದರಿಂದ ಯಾವ ಮನೆಯೂ ಇನ್ನೊಂದು ಮನೆಯ ಹಂಗಿಗೆ ಬೀಳುವುದಿಲ್ಲ.

ಕಾಯಿದೆ ಮತ್ತು ಕಾಸು

ಭಾರತದ ಕಾನೂನಿನಲ್ಲಿ ಆರೈಕೆದಾರರ ಸುಳಿವು ಸಿಗುವುದು ತಡವಾಗಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಹಾಗೂ ಬಹುವಿಕಲತೆ ಇರುವವರಿಗಾಗಿ 1999ರ ಕಾಯಿದೆಯಂತೆ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ‘ಸಮರ್ಥ್’ ಯೋಜನೆಯಲ್ಲಿ ತಾತ್ಕಾಲಿಕ ವಸತಿಗೂ ‘ಸಹಯೋಗಿ’ ಯೋಜನೆಯಲ್ಲಿ ಆರೈಕೆ ಸಹಾಯಕರ ತರಬೇತಿಗೂ ಅವಕಾಶ ಕಲ್ಪಿಸಿತು. ನಾವು ಸತ್ತ ಮೇಲೆ ಈ ಮಗುವಿನ ಗತಿಯೇನು ಎಂಬ ತಂದೆತಾಯಿಯರ ಪ್ರಶ್ನೆಯೇ ಆ ಕಾಯಿದೆಯ ಮೂಲ. ನಾವು ಬದುಕಿರುವಾಗಲೇ ನಮ್ಮ ಗತಿಯೇನು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಬಲವಾಗಿ ಬರಲಿಲ್ಲ. 2007ರ ಹಿರಿಯ ನಾಗರಿಕರ ಪಾಲನೆಯ ಕಾಯಿದೆ ಮಕ್ಕಳ ಕರ್ತವ್ಯವನ್ನು ನೆನಪಿಸಿ ಜೀವನಾಂಶ ಕೊಡಿಸುತ್ತದೆ. ಆ ಕರ್ತವ್ಯವನ್ನು ದಿನವೂ ಮಾಡುತ್ತಿರುವವರ ನೆರವಿಗೆ ಅದು ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೆಯ ಕಲಮಿನಲ್ಲಿ ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆ ಭತ್ಯೆಯ ಪ್ರಸ್ತಾಪವಿದೆ. ಕರ್ನಾಟಕ ಸರ್ಕಾರ 2024–25ರ ಮುಂಗಡಪತ್ರದಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೀರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂ. ಘೋಷಿಸಿತು.

ಈ ಹಣದ ಮಹತ್ವ ಗುರುತಿನದು. ಮನೆಯ ಹೆಣ್ಣುಮಗಳು ಮಾಡುವುದು ಕೆಲಸವೆಂದು ಸರ್ಕಾರ ಒಪ್ಪಿದಂತಾಯಿತು. ಆದರೆ ಅದು ದಿನಕ್ಕೆ ಸುಮಾರು 33 ರೂಪಾಯಿ. ಅಷ್ಟರಲ್ಲಿ ಒಂದು ದಿನದ ಬದಲಿ ಆಳು ಸಿಗುವುದಿಲ್ಲ. ಹಣ ಮನೆಗೆ ಬಂದರೂ ಬಿಡುವು ಬರಲಿಲ್ಲ.

ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಈ ಕೆಲಸ ಯಾರ ಪಾಲಿಗೆ ಬಿದ್ದಿದೆ ಎಂಬುದನ್ನು ಅಂಕಿಗಳಲ್ಲಿ ತೋರಿಸುತ್ತದೆ. ಮಕ್ಕಳದೂ ಸೇರಿದಂತೆ ಮನೆಯವರ ಆರೈಕೆಯಲ್ಲಿ ತೊಡಗಿದ್ದ ಮಹಿಳೆಯರ ಪ್ರಮಾಣ ಶೇ. 27.6 ಇದ್ದರೆ ಪುರುಷರದು ಶೇ. 14. ಹೀಗೆ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 134 ನಿಮಿಷ, ಪುರುಷರು 76 ನಿಮಿಷ ಅದಕ್ಕೆ ಕೊಡುತ್ತಿದ್ದರು. ಅಡುಗೆ, ನೀರು, ಬಟ್ಟೆಯ ಕೆಲಸ ಇದಕ್ಕೆ ಹೊರತು.

ಕೂಸುಗಳ ವಿಷಯದಲ್ಲಿ ಸರ್ಕಾರ ಬೇರೆಯದೇ ತತ್ವವನ್ನು ಒಪ್ಪಿದೆ ಎಂಬುದು ಕುತೂಹಲಕರ. 1975ರಲ್ಲಿ ಆರಂಭವಾದ ಅಂಗನವಾಡಿ ತಾಯಂದಿರಿಗೆ ಹಗಲಿನ ಕೆಲವು ಗಂಟೆ ಬಿಡುವು ಕೊಟ್ಟಿತು. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲಿ, ಕೆಲಸದ ಸ್ಥಳಕ್ಕೆ ಐದು ಅಥವಾ ಹೆಚ್ಚು ಚಿಕ್ಕ ಮಕ್ಕಳು ಬಂದರೆ ಅವರನ್ನು ನೋಡಿಕೊಳ್ಳಲು ಒಬ್ಬ ಮಹಿಳೆಯನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂಬ ನಿಯಮವಿತ್ತು. 2023ರಲ್ಲಿ ಕರ್ನಾಟಕ ‘ಕೂಸಿನ ಮನೆ’ಗಳನ್ನು ತೆರೆಯಿತು. ಒಬ್ಬರು ದುಡಿಯಬೇಕಾದರೆ ಇನ್ನೊಬ್ಬರು ಕಾಯಬೇಕು, ಕಾಯುವುದೂ ದುಡಿಮೆಯೇ ಎಂಬ ಅದೇ ನ್ಯಾಯ ಎಪ್ಪತ್ತರ ಮುದುಕಿಗೂ ಇಪ್ಪತ್ತರ ಅಂಗವಿಕಲ ಮಗನಿಗೂ ಅನ್ವಯಿಸಬಾರದೇಕೆ?

ನಾಲ್ಕು ತಾಲೂಕುಗಳ ಲೆಕ್ಕ

1997ರ ಆಗಸ್ಟ್‌ನಲ್ಲಿ ಧಾರವಾಡದಿಂದ ಬೇರೆಯಾದ ಹಾವೇರಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸುಮಾರು 16 ಲಕ್ಷ ಜನ. ಈ ನಾಲ್ಕು ತಾಲೂಕುಗಳು ಮುಖ್ಯವಾಗಿ ಬೇಸಾಯದ ಊರುಗಳು. ಹಾನಗಲ್ಲದ ಭತ್ತಕ್ಕಾಗಲಿ ಹಿರೇಕೆರೂರಿನ ಹತ್ತಿ, ಗೋವಿನಜೋಳಕ್ಕಾಗಲಿ ಕೆಲಸ ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಬಿತ್ತನೆ, ಕಳೆ, ಕೊಯ್ಲಿನ ವಾರಗಳಲ್ಲಿ ಕೈಗೆ ಬಂದ ಕೂಲಿಯೇ ಬಡ ಕುಟುಂಬದ ವರ್ಷದ ಆಧಾರ. ರೋಗಿಯನ್ನು ಬಿಟ್ಟು ಹೋಗಲಾಗದವಳು ಕಳೆದುಕೊಳ್ಳುವುದು ಸರಿಯಾಗಿ ಆ ವಾರಗಳನ್ನೇ. ಆದ್ದರಿಂದ ಇಲ್ಲಿ ಬಿಡುವೆಂದರೆ ವಿಶ್ರಾಂತಿಯಷ್ಟೇ ಅಲ್ಲ, ಕೂಲಿಯೂ ಹೌದು.

ಏರ್ಪಾಡಿಗೆ ಬೇಕಾದ ಎಳೆಗಳು ಚೂರುಚೂರಾಗಿ ಇವೆ. ಗ್ರಾಮ ಪಂಚಾಯತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ಪುನರ್ವಸತಿ ಕಾರ್ಯಕರ್ತರ ವ್ಯವಸ್ಥೆ ಕರ್ನಾಟಕದಲ್ಲಿದೆ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಅವರು ಬಲ್ಲರು. ಆದರೆ ಅವರ ಕೆಲಸ ಹೆಚ್ಚಾಗಿ ಪ್ರಮಾಣಪತ್ರ, ಮಾಸಾಶನ, ಸಲಕರಣೆಗಳ ಸುತ್ತ ನಡೆಯುತ್ತದೆ. ಆಶಾ ಕಾರ್ಯಕರ್ತೆಯರು ಮನೆ ಮನೆಗೆ ಹೋಗುತ್ತಾರೆ; ಅವರ ಗಮನ ತಾಯಿ ಮಗುವಿನ ಕಡೆಗೆ. ಮಹಿಳಾ ಸ್ವಸಹಾಯ ಸಂಘಗಳಿಗೆ ಪಾಳಿ ಹಾಕುವುದು, ಲೆಕ್ಕ ಇಡುವುದು ಹೊಸದಲ್ಲ. ಮನೆಯೊಳಗೆ ಹೋಗಿ ನಾಲ್ಕು ತಾಸು ಕೂಡ್ರುವ ಒಬ್ಬರನ್ನು ಈ ಎಳೆಗಳ ನಡುವೆ ಸೇರಿಸಬೇಕು.

ಹಾಗೆ ಕೂಡ್ರುವವರಿಗೆ ಕನಿಕರದ ಜೊತೆ ಕೈಕೆಲಸವೂ ತಿಳಿದಿರಬೇಕು. ಹೊರಳಲಾರದವರನ್ನು ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ನುಂಗಲು ತೊಡಕಿರುವವರಿಗೆ ಮಲಗಿಸಿಯೇ ಗಂಜಿ ಕುಡಿಸಿದರೆ ಅದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ತಲೆ ಎತ್ತರಿಸಿ ಕೂಡ್ರಿಸಬೇಕು. ಮೂರ್ಛೆ ಬಂದಾಗ ಕೈಗೆ ಕಬ್ಬಿಣ ಕೊಡುವ, ಬಾಯಿಗೆ ಚಮಚ ತುರುಕುವ ರೂಢಿ ಬಿಟ್ಟು, ಒಂದು ಮಗ್ಗುಲಿಗೆ ಹೊರಳಿಸಿ ಸುತ್ತಲಿನ ಗಟ್ಟಿ ವಸ್ತುಗಳನ್ನು ಸರಿಸಬೇಕು. ಮರೆವಿನ ರೋಗದವರೊಡನೆ ವಾದಕ್ಕಿಳಿಯಬಾರದು. ಇವೆಲ್ಲ ಕೆಲವು ದಿನಗಳ ತರಬೇತಿಯಿಂದ ಬರುವ ವಿದ್ಯೆ. ಇದಕ್ಕಿಂತ ಹೆಚ್ಚಿನದೆಲ್ಲವನ್ನೂ ಮನೆಯಾಕೆಯಿಂದ ಕಲಿಯಬೇಕು. ಯಾವ ಸದ್ದಿಗೆ ಮಗು ಬೆಚ್ಚುತ್ತದೆ, ಮಾವನವರಿಗೆ ಯಾವ ಹೊತ್ತಿಗೆ ಚಹಾ ಬೇಕು ಎಂಬುದು ಅವಳಿಗಷ್ಟೇ ಗೊತ್ತು. ಮೊದಲ ಕೆಲವು ಸಲ ಇಬ್ಬರೂ ಜೊತೆಗಿದ್ದು, ಆಮೇಲೆ ಒಂದು ತಾಸು, ಎರಡು ತಾಸು ಎಂದು ಬಿಟ್ಟು ನೋಡುವುದು ಕ್ಷೇಮ. ಪ್ರತಿಸಲ ಹೊಸ ಮುಖ ಬಂದರೆ ರೋಗಿಗೂ ಮನೆಯವರಿಗೂ ನಂಬಿಕೆ ಬಾರದು.

ನಂಬಿಕೆಯೇ ಇಲ್ಲಿ ದೊಡ್ಡ ಪ್ರಶ್ನೆ. ಹೊರಗಿನವರನ್ನು ಒಳಗೆ ಬಿಡಲು ಮನೆಯವರು ಹಿಂಜರಿಯುತ್ತಾರೆ. ಬಂದವರು ಯಾವ ಜಾತಿಯವರು ಎಂಬ ಮಾತು ಏಳುತ್ತದೆ. ಅತ್ತೆಯನ್ನು ಬೇರೆಯವರ ಕೈಗೆ ಕೊಟ್ಟು ಸೊಸೆ ಸಂತೆಗೆ ಹೋದಳು ಎಂದು ಓಣಿಯವರು ಆಡಿಕೊಳ್ಳುತ್ತಾರೆ. ಎಷ್ಟೋ ಸಲ ರೋಗಿಯೇ ಒಲ್ಲೆನೆನ್ನುತ್ತಾರೆ. ಇವೆಲ್ಲಕ್ಕಿಂತ ಗಟ್ಟಿಯಾದ ತಡೆ ಆರೈಕೆ ಮಾಡುವವಳ ಮನಸ್ಸಿನಲ್ಲೇ ಇರುತ್ತದೆ. ಬಿಡುವು ಕೇಳುವುದೇ ಪಾಪವೆಂದು ಅವಳಿಗೆ ಕಲಿಸಲಾಗಿದೆ. ಆದರೆ ಬೆನ್ನು ಸೆಟೆದವಳು ಎತ್ತುವಾಗ ರೋಗಿಯನ್ನು ಬೀಳಿಸುತ್ತಾಳೆ. ನಿದ್ದೆಗೆಟ್ಟವಳು ಮಾತ್ರೆಯ ಲೆಕ್ಕ ತಪ್ಪುತ್ತಾಳೆ. ತನ್ನ ಸಕ್ಕರೆ ಕಾಯಿಲೆಗೆ ಔಷಧ ತರಲು ಹೋಗದವಳು ಒಂದು ದಿನ ತಾನೇ ಹಾಸಿಗೆ ಹಿಡಿಯುತ್ತಾಳೆ. ಆಗ ಆ ಮನೆಯಲ್ಲಿ ಇಬ್ಬರು ರೋಗಿಗಳು. ಹೀಗೆ ನೋಡಿದರೆ ಅವಳ ಬಿಡುವು ರೋಗಿಯ ಔಷಧದ ಒಂದು ಭಾಗವೇ ಆಗಿದೆ.

ಪಂಚಮಿಗೆ ಮಗಳನ್ನು ಕರೆಸಿಕೊಳ್ಳುವುದು ಒಂದು ಕಾಲಕ್ಕೆ ತವರಿನವರ ಹಕ್ಕಾಗಿತ್ತು, ಗಂಡನ ಮನೆಯವರು ಅದಕ್ಕೆ ತಲೆಬಾಗುತ್ತಿದ್ದರು. ಆರೈಕೆ ಮಾಡುವವಳ ಸೂಟಿಗೂ ಅಂಥದೇ ಮರ್ಯಾದೆ ಬರಬೇಕಾಗಿದೆ. ಮುಯ್ಯಿ ಕೊಟ್ಟ ಮನೆಯಿಂದಲೇ ತಿರುಗಿ ಬರಬೇಕೆಂಬ ಲೆಕ್ಕವನ್ನು ಇಲ್ಲಿ ತುಸು ಸಡಿಲಿಸಬೇಕು. ಮುಪ್ಪು ಯಾವ ಮನೆಯನ್ನೂ ಬಿಟ್ಟಿಲ್ಲ. ಇಂದು ಒಬ್ಬರ ಮನೆಯಲ್ಲಿ ನಾಲ್ಕು ತಾಸು ಕೂತ ಪಾಳಿ, ಊರು ಅದನ್ನು ನಡೆಸಿಕೊಂಡು ಬಂದರೆ, ಎಂದಾದರೊಂದು ದಿನ ಕೂತವರ ಮನೆಯ ಬಾಗಿಲಿಗೂ ಬರುತ್ತದೆ.